ನೊಣದ ಕಾಲು ಹಿಡಿದು ಊರು ಬದಲಿಸುವ ಹೇನು

ಬಾಲ್ಕನಿಗೆ ಪಾರಿವಾಳ ಬಂದರೆ ಮಕ್ಕಳ ತಲೆಗೆ ಹೇನು ಹತ್ತುತ್ತದೆ ಎನ್ನುವವರು ಇನ್ನೂ ಇದ್ದಾರೆ. ಸುಮ್ನೆ ಭಯ. ಹಿಕ್ಕೆಯ ದೂಳಿಗೆ ಹೆದರಿ, ಶ್ವಾಸಕೋಶಕ್ಕೆ ಅದು ಕೆಟ್ಟದ್ದೇ. ಹೇನಿಗೆ ಹೆದರಬೇಡಿ. ನಮ್ಮ ತಲೆಹೇನು ರಕ್ತ ಕುಡಿಯುತ್ತದೆ. ಪಾರಿವಾಳದ ರೆಕ್ಕೆಹೇನು ಕೊಲಂಬಿಕೋಲಾ ತಿನ್ನುವುದು ಬರೀ ಗರಿಯ ತುಪ್ಪಳ. ಹಕ್ಕಿಯ ಮೈ ಬಿಟ್ಟರೆ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಊಟಕ್ಕೆ ಅದಕ್ಕೆ ಬರವಿಲ್ಲ. ತೊಂದರೆ ಇರುವುದು ಕೊಕ್ಕಿನದು. ಪಾರಿವಾಳದ ಮೇಲ್ಗೊಕ್ಕಿನ ತುದಿ ಕೆಳಗಿನದಕ್ಕಿಂತ 1–2 ಮಿ.ಮೀ. ಮುಂದೆ ಚಾಚಿ ಬಾಗಿರುತ್ತದೆ. ಗರಿ ತೀಡುವಾಗ ಕೆಳಗೊಕ್ಕು ಮುಂದಕ್ಕೆ ಸರಿದು ಆ ತುದಿಗೆ ಒತ್ತುತ್ತದೆ. ನಡುವೆ ಸಿಕ್ಕ ಹೇನು ಅಡಕತ್ತರಿಗೆ ಸಿಕ್ಕ ಅಡಿಕೆ! ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಈ ಪುಟ್ಟ ತುದಿಯನ್ನಷ್ಟೇ ಕತ್ತರಿಸಿ ನೋಡಿದರು. ಹಕ್ಕಿಗಳು ಎಂದಿನಂತೆ ಕಾಳು ತಿಂದವು, ಆದರೆ ಮೈಮೇಲೆ ಹೇನು ವಿಪರೀತ ಹೆಚ್ಚಿತು.

ಅದಕ್ಕೇ ರೆಕ್ಕೆಹೇನಿನ ಮೈ ಕಡ್ಡಿಯಂತೆ ಸಪೂರ. ರೆಕ್ಕೆಗರಿಯ ಎಳೆಗಳ ನಡುವಿನ ಸಂದಿಯಲ್ಲಿ ಉದ್ದಕ್ಕೆ ಮಲಗಿಬಿಟ್ಟರೆ ಕೊಕ್ಕಿಗೆ ಸಿಗುವುದು ಕಷ್ಟ. ಸೀರನ್ನೂ ಗರಿಗೇ ಅಂಟಿಸುತ್ತದೆ. ಅದಕ್ಕೆ ಕಾವು ಕೊಡುವುದು ಹಕ್ಕಿಯ ಮೈಬಿಸಿ. ಮೂರೂವರೆ ವಾರದಲ್ಲಿ ಹೊಸ ಪೀಳಿಗೆ ತಯಾರು. ಅದೇ ಯೂಟಾದವರು ಬೂದು ಪಾರಿವಾಳದ ಹೇನುಗಳನ್ನು ಬಿಳಿ ಮತ್ತು ಕಪ್ಪು ಪಾರಿವಾಳಗಳ ಮೇಲೆ ಬಿಟ್ಟು ಕಾದರು. 4 ವರ್ಷ, ಸುಮಾರು 60 ಪೀಳಿಗೆ ಕಳೆದಾಗ ಬಿಳಿಯವುಗಳ ಮೇಲಿನ ಹೇನು ತಿಳಿಬಣ್ಣಕ್ಕೆ, ಕಪ್ಪಿನ ಮೇಲಿನದು ಗಾಢಬಣ್ಣಕ್ಕೆ ತಿರುಗಿದ್ದವು. ಎದ್ದು ಕಂಡವನ್ನೆಲ್ಲ ಕೊಕ್ಕು ಹೆಕ್ಕಿ ಹಾಕಿತ್ತು. ವಿಕಾಸ ಕಾಣಲು ಲಕ್ಷಾಂತರ ವರ್ಷ ಬೇಕು ಅನ್ನುತ್ತೇವೆ, ಅಲ್ವಾ?

ಇನ್ನು ಹೇನು ಹೊಸ ಹಕ್ಕಿಯನ್ನು ಸೇರುವುದು ಹೇಗೆ? ಗೂಡಿನಲ್ಲಿ ತಾಯಿತಂದೆಯಿಂದ ಮರಿಗೆ ದಾಟುವುದು ಸುಲಭದ ದಾರಿ. ಇನ್ನೊಂದು ದಾರಿ, ಪಾರಿವಾಳದ ನೊಣ. ಗರಿಯಡಿ ಅಡ್ಡಡ್ಡ ಓಡುವ ಈ ಚಪ್ಪಟೆ ನೊಣ ರಕ್ತ ಹೀರುತ್ತದೆ. ಇದರದು ವಿಚಿತ್ರ ಸಂಸಾರ. ಮೊಟ್ಟೆ ಇಡುವುದಿಲ್ಲ. ಒಂದು ಸಲಕ್ಕೆ ಒಂದೇ ಹುಳುವನ್ನು ಹೊಟ್ಟೆಯೊಳಗೇ ಹಾಲಿನಂಥ ರಸ ಉಣಿಸಿ ಬೆಳೆಸಿ, ಗೂಡಿನ ಕಸದಲ್ಲಿ ಹೆರುತ್ತದೆ. ಅದು ಆಗಲೇ ಗಟ್ಟಿ ಕೋಶವಾಗುತ್ತದೆ. 1906ರಲ್ಲಿ ಅಲ್ಜೀರಿಯಾದಲ್ಲಿ ವಿಜ್ಞಾನಿಗಳಾದ ಸೆರ್ಜಾಂ ಸಹೋದರರು ಪಾರಿವಾಳದ ಮಲೇರಿಯಾದಂಥ ರೋಗವನ್ನು ಹರಡುವುದೂ ಇದೇ ನೊಣ ಎಂದು ತೋರಿಸಿದ್ದರು.

ರೆಕ್ಕೆಹೇನು ಈ ನೊಣದ ಕಾಲು ಗಟ್ಟಿಯಾಗಿ ಹಿಡಿದು ಇನ್ನೊಂದು ಪಾರಿವಾಳಕ್ಕೆ ಹಾರುತ್ತದೆ. ಅದೇ ಹಕ್ಕಿಯ ಮೇಲಿರುವ ದುಂಡನೆಯ ಮೈಹೇನಿಗೆ ಈ ಹಿಡಿತ ಸರಿಯಾಗಿ ಬಾರದು. ಹೀಗಾಗಿ ಪಾರಿವಾಳದ ಜಾತಿಗಳು ಕವಲೊಡೆದಂತೆಲ್ಲ ಮೈಹೇನುಗಳೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಕವಲೊಡೆದಿವೆ. ರೆಕ್ಕೆಹೇನುಗಳ ವಂಶವೃಕ್ಷದಲ್ಲಿ ಮಾತ್ರ ಜಾತಿಯಿಂದ ಜಾತಿಗೆ ಜಿಗಿದ ಗುರುತು ಜಾಸ್ತಿ.