ರಕ್ಷಣಾ ಸುಂಕ: ರಕ್ಷಣೆ ಯಾರಿಗೆ, ಸುಂಕ ಯಾರಿಗೆ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಲ್ಲೊಂದು ಗಾದೆ ಇದೆ. ಹೇಳಿಕೊಂಡರೂ ಅವನು ಕಾಸು ಬಿಡುವುದಿಲ್ಲ ಅಂತ ಅರ್ಥ. ಆದರೂ ಬಜೆಟ್ ಬಂತೆಂದರೆ ಪಾರ್ಲಿಮೆಂಟಿನಲ್ಲಿ ಎಲ್ಲರೂ ಹೇಳಿಕೊಳ್ಳುವುದು ಸುಂಕದವನ ಮುಂದೆಯೇ. ಒಬ್ಬರು ಎದ್ದು, ಆಮದು ಸುಂಕ ಏರಿಸಿ, ಇಲ್ಲದಿದ್ದರೆ ನಮ್ಮ ಜನರ ಕೆಲಸ ಹೋಗುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಎದ್ದು, ಇಳಿಸಿ, ಇಲ್ಲದಿದ್ದರೆ ನಮ್ಮ ಜನರ ಕೆಲಸ ಹೋಗುತ್ತದೆ ಅನ್ನುತ್ತಾರೆ. ಇಬ್ಬರ ಮಾತೂ ನಿಜ ಇರಬಹುದು. ಈ ಜಗಳದ ನಡುವೆ ನಿಂತಿರುವ ಪದವೇ ರಕ್ಷಣಾ ಸುಂಕ. (ರಕ್ಷಣಾ ಸಚಿವರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಹಣಕಾಸು ಸಚಿವರ ಬಾಬತ್ತು.)

ಹೊರದೇಶದಿಂದ ಬರುವ ಮಾಲಿಗೆ ಸರ್ಕಾರ ಸುಂಕ ಹಾಕುವುದು ಎರಡು ಕಾರಣಕ್ಕೆ. ಒಂದು, ಬೊಕ್ಕಸ ತುಂಬಿಸಲು. ಇನ್ನೊಂದು, ಆ ಮಾಲು ಇಲ್ಲಿ ತುಟ್ಟಿಯಾಗಿ, ಅದೇ ಮಾಲು ಮಾಡುವ ನಮ್ಮವರು ಬದುಕಿಕೊಳ್ಳಲಿ ಅಂತ. ಈ ಎರಡನೆಯದು ರಕ್ಷಣಾ ಸುಂಕ. ತಮಾಷೆ ಏನೆಂದರೆ ಎರಡಕ್ಕೂ ಆಗಿಬರುವುದಿಲ್ಲ. ಬೊಕ್ಕಸ ತುಂಬಬೇಕಾದರೆ ಮಾಲು ಬರುತ್ತಲೇ ಇರಬೇಕು. ರಕ್ಷಣಾ ಸುಂಕ ನೂರಕ್ಕೆ ನೂರು ಕೆಲಸ ಮಾಡಿತು ಅಂದರೆ ಮಾಲೇ ಬರುವುದಿಲ್ಲ, ಬೊಕ್ಕಸಕ್ಕೆ ಸೊನ್ನೆ.

ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಗೊತ್ತಿರುವುದು ರೇಷ್ಮೆಯಿಂದ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ, ಅಂದರೆ ಗೂಡಿನಿಂದ ಬಿಚ್ಚಿದ ನೂಲಿನ, ಮೇಲಿನ ಆಮದು ಸುಂಕವನ್ನು ಪ್ರಣಬ್ ಮುಖರ್ಜಿ ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಲೆಕ್ಕ ಸುಲಭವಾಗಲಿ ಅಂತ ಒಂದು ಕೆಜಿ ಚೀನಾ ನೂಲು 3,000 ರೂಪಾಯಿ ಅಂದುಕೊಳ್ಳಿ, ಮಿಕ್ಕ ತೆರಿಗೆ ಪಕ್ಕಕ್ಕಿಡಿ. ಮೊದಲು ಅದು ಇಲ್ಲಿಗೆ ಬಂದು ಬೀಳುತ್ತಿದ್ದದ್ದು 3,900ಕ್ಕೆ, ಆಮೇಲೆ 3,150ಕ್ಕೆ. ವ್ಯತ್ಯಾಸ 750 ರೂಪಾಯಿ.

ಈಗ ರಾಮನಗರದ ಗೂಡಿನ ಮಾರುಕಟ್ಟೆಗೆ ಬನ್ನಿ. ಅಲ್ಲಿ ರೀಲರ್, ಅಂದರೆ ಗೂಡು ಕೊಂಡು ನೂಲು ಬಿಚ್ಚುವವನು, ಒಂದು ಹಿಡಿ ಗೂಡು ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಾನೆ. ಒಳಗೆ ಹುಳ ಗಟ್ಟಿಯಾಗಿದೆಯಾ, ಗೂಡು ಮೆತ್ತಗಿದೆಯಾ, ಎಷ್ಟು ನೂಲು ಬಂದೀತು ಅಂತ ಅಂದಾಜು ಮಾಡುತ್ತಾನೆ. ಒಂದು ಕೆಜಿ ನೂಲಿಗೆ ಆರೇಳು ಕೆಜಿ ಗೂಡು ಬೇಕು. ಚೀನಾ ನೂಲಿನ ಜೊತೆ ಪೈಪೋಟಿ ಮಾಡಬೇಕಾದರೆ ಆ 750 ರೂಪಾಯಿಯನ್ನು ಅವನು ಎಲ್ಲಿಂದ ತರಬೇಕು? ಗೂಡಿನ ಬೆಲೆಯಿಂದಲೇ ಕಿತ್ತುಕೊಳ್ಳಬೇಕು. ಕೆಜಿ ಗೂಡಿಗೆ ನೂರು ರೂಪಾಯಿಗೂ ಜಾಸ್ತಿ ಆಯಿತು. ನಾಲ್ಕು ಜ್ವರ (ಹುಳ ಪೊರೆ ಬಿಡುವ ಹೊತ್ತು) ದಾಟಿಸಿ, ರಾತ್ರಿ ಎದ್ದು ಸೊಪ್ಪು ಹಾಕಿ, ಹುಳ ಹಣ್ಣಾದ ಮೇಲೆ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ರೈತನ ಮನೆಗೆ ದೆಹಲಿಯ ಶೇ 25 ಬಂದು ತಲುಪುವ ದಾರಿ ಇದು. ಆ ವರ್ಷ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರ ಬಜೆಟ್‌ನಲ್ಲಿ ಚಿದಂಬರಂ ಅವರು ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದರು. ಆಮೇಲೂ ಅದು ಏರಿಳಿಯಿತು. 2021ರಲ್ಲಿ ನಿರ್ಮಲಾ ಸೀತಾರಾಮನ್ ಶೇ 10 ಇದ್ದದ್ದನ್ನು ಶೇ 15 ಮಾಡಿದರು.

ಹಾಗಾದರೆ ಸುಂಕ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ? ಈ ಪ್ರಶ್ನೆಯನ್ನು ನೇಕಾರರ ಕೇರಿಯಲ್ಲಿ ಕೇಳಿ ನೋಡಿ. ಮಗ್ಗದಲ್ಲಿ ಹಾಸಿನ ಎಳೆ, ಅಂದರೆ ಉದ್ದಕ್ಕೆ ಬಿಗಿದ ಎಳೆ, ಜಗ್ಗಾಟ ತಡೆಯಬೇಕು, ಉದ್ದಕ್ಕೂ ಒಂದೇ ಸಮ ಇರಬೇಕು. ಅದರಲ್ಲೂ ಪವರ್‌ಲೂಮ್‌ನಲ್ಲಿ ಎಳೆ ಹರಿಯಿತೆಂದರೆ ಕೆಲಸ ನಿಂತಿತು. ಅದಕ್ಕೇ ಎಷ್ಟೋ ಕಡೆ ಹಾಸಿನ ಎಳೆಗೆ ಚೀನಾ ನೂಲು, ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆಗೆ ನಮ್ಮ ಮಿಶ್ರತಳಿ ನೂಲು. ಸುಂಕ ಏರಿದರೆ ಗೂಡು ಬೆಳೆಯುವವನ ಮುಖ ಅರಳುತ್ತದೆ, ಸೀರೆ ನೇಯುವವನ ಮುಖ ಬಾಡುತ್ತದೆ. ಇಬ್ಬರೂ ನಮ್ಮವರೇ. ಸುಂಕ ಚೀನಾದವರ ಮೇಲೆ ಹಾಕಿದ್ದು ಅಂತ ಭಾಷಣದಲ್ಲಿ ಕೇಳಿಸುತ್ತದಲ್ಲ, ಬಂದರಿನಲ್ಲಿ ಅದನ್ನು ಕಟ್ಟುವವನು ಮಾಲು ತರಿಸಿಕೊಂಡ ಇಲ್ಲಿನ ವ್ಯಾಪಾರಿ. ಅವನು ಅದನ್ನು ಆದಷ್ಟು ಮಟ್ಟಿಗೆ ನೇಕಾರನ ತಲೆಗೆ, ಕೊನೆಗೆ ಸೀರೆ ಕೊಳ್ಳುವವರ ತಲೆಗೆ ಕಟ್ಟುತ್ತಾನೆ.

ಇದು ಹೊಸ ಚರ್ಚೆಯೇನೂ ಅಲ್ಲ. 1921ರಲ್ಲಿ ಇಬ್ರಾಹಿಂ ರಹಿಮ್ತುಲ್ಲಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಫಿಸ್ಕಲ್ ಕಮಿಷನ್, ಅಂದರೆ ಸುಂಕ ನೀತಿ ಪರಿಶೀಲಿಸುವ ಆಯೋಗ, ಬಂದಬಂದವರಿಗೆಲ್ಲ ರಕ್ಷಣೆ ಬೇಡ, ಮೂರು ಪ್ರಶ್ನೆ ಕೇಳಿ ಕೊಡಿ ಅಂದಿತು. ಕಚ್ಚಾ ಮಾಲು, ಕೂಲಿಯಾಳು, ಮಾರುಕಟ್ಟೆಯಂಥ ಅನುಕೂಲ ಆ ಉದ್ಯಮಕ್ಕೆ ಇಲ್ಲೇ ಇದೆಯಾ? ರಕ್ಷಣೆ ಇಲ್ಲದೆ ಅದು ಬೆಳೆಯಲಾರದಾ? ಮುಂದೊಂದು ದಿನ ರಕ್ಷಣೆ ತೆಗೆದರೂ ನಿಲ್ಲುತ್ತದಾ? ನನ್ನ ಮಟ್ಟಿಗೆ ಮೂರನೆಯದೇ ಅಸಲಿ ಪ್ರಶ್ನೆ. ಸುಂಕ ಕೇಳುವವರು ಮೊದಲ ಎರಡಕ್ಕೆ ಗಂಟೆಗಟ್ಟಲೆ ಉತ್ತರ ಹೇಳುತ್ತಾರೆ. ಮೂರನೆಯದಕ್ಕೆ ಬಂದಾಗ ಕೆಮ್ಮುತ್ತಾರೆ.

ಈ ಜರಡಿಯಲ್ಲಿ ಮೊದಲು ಪಾಸಾದದ್ದು ಉಕ್ಕು. ಮೊದಲ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಅಗ್ಗದ ಉಕ್ಕು ಬಂದು ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ ಒದ್ದಾಡುತ್ತಿತ್ತು. 1924ರ ಬೇಸಿಗೆಯಲ್ಲಿ ಕೇಂದ್ರ ಶಾಸನಸಭೆ ಶಿಮ್ಲಾದಲ್ಲಿ ಸೇರಿ ಉಕ್ಕು ರಕ್ಷಣಾ ಕಾಯ್ದೆ ಪಾಸು ಮಾಡಿತು. ಅವಧಿ ಮೂರೇ ವರ್ಷ. ಸುಂಕದ ಜೊತೆಗೆ ರೈಲು ಹಳಿ ಮತ್ತು ವ್ಯಾಗನ್ ತಯಾರಿಸುವವರಿಗೆ ಬೌಂಟಿ, ಅಂದರೆ ನೇರವಾಗಿ ಸರ್ಕಾರದ ಹಣ. ಅದು ಸುಮ್ನೆ ಸಿಗುತ್ತಿರಲಿಲ್ಲ. ಹಣ ಪಡೆಯುವ ಕಂಪನಿ ಭಾರತೀಯರಿಗೆ ತಾಂತ್ರಿಕ ತರಬೇತಿ ಕೊಡಬೇಕು ಅಂತ ಕಾಯ್ದೆಯಲ್ಲೇ ಬರೆದಿದ್ದರು. ಹತ್ತು ವರ್ಷದ ಮೇಲೆ, 1934ರಲ್ಲಿ, ರೇಷ್ಮೆಗೂ ರಕ್ಷಣೆ ಸಿಕ್ಕಿತು. ಆಗ ಮೈಸೂರು ಸೀಮೆಯ ಸಾಕಣೆದಾರರ ಕಣ್ಣಿಗೆ ಬಿದ್ದಿದ್ದ ವೈರಿಗಳು ಜಪಾನ್ ಮತ್ತು ಚೀನಾ.

ಬೌಂಟಿಯನ್ನು ಸುಂಕದೊಂದಿಗೆ ಕಲಸಬೇಡಿ. ಸುಂಕ ಏರಿದರೆ ಹೊರೆ ಕೊಳ್ಳುವವರ ಮೇಲೆ, ಅದು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ಬೌಂಟಿ ಕೊಟ್ಟರೆ ಖರ್ಚು ಬಜೆಟ್‌ನಲ್ಲಿ ಕಾಣುತ್ತದೆ, ಸದಸ್ಯರು ಎದ್ದು ಕೇಳಬಹುದು. 2020ರಲ್ಲಿ ಶುರುವಾದ ಪಿಎಲ್‌ಐ, ಅಂದರೆ ಇಷ್ಟು ಉತ್ಪಾದಿಸಿ ಮಾರಿದರೆ ಇಷ್ಟು ಹಣ ಅನ್ನುವ ಯೋಜನೆ, ಹೆಚ್ಚುಕಡಿಮೆ ಬೌಂಟಿಯ ಮೊಮ್ಮಗ. ಆ್ಯಂಟಿ ಡಂಪಿಂಗ್ ಸುಂಕ ಇನ್ನೊಂದು ಜಾತಿ. ಯಾರೋ ತಮ್ಮ ದೇಶದಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ಇಲ್ಲಿ ತಂದು ಸುರಿದು ನಮ್ಮ ಉದ್ಯಮಕ್ಕೆ ಪೆಟ್ಟು ಕೊಟ್ಟರೆ, ತನಿಖೆ ಮಾಡಿ ಹಾಕುವಂಥದ್ದು.

ಕೊನೆಗೆ ಪಾರ್ಲಿಮೆಂಟಿನ ಕೈಯಲ್ಲಿ ಎಷ್ಟಿದೆ ಅಂತ ನೋಡೋಣ. ಕಾನೂನಿನ ಆಧಾರವಿಲ್ಲದೆ ತೆರಿಗೆ ಹಾಕುವಂತಿಲ್ಲ ಅನ್ನುತ್ತದೆ ಸಂವಿಧಾನದ 265ನೇ ವಿಧಿ. ಆದರೆ ಸುಂಕದ ದರವನ್ನು ಮೊದಲೇ ಎಲ್ಲರಿಗೂ ಗೊತ್ತಾಗುವಂತೆ ಚರ್ಚಿಸುತ್ತಾ ಕೂತರೆ ವ್ಯಾಪಾರಿಗಳು ಅಷ್ಟರಲ್ಲಿ ಗೋದಾಮು ತುಂಬಿಸಿಕೊಂಡುಬಿಡುತ್ತಾರೆ. ಅದಕ್ಕೇ ಬಜೆಟ್‌ನಲ್ಲಿ ಹೇಳಿದ ಸುಂಕದ ದರ ಸಾಮಾನ್ಯವಾಗಿ ಅಂದು ಮಧ್ಯರಾತ್ರಿಯಿಂದಲೇ ಜಾರಿಗೆ ಬರುತ್ತದೆ. ಹಣಕಾಸು ಮಸೂದೆಯ ಚರ್ಚೆ, ಮತದಾನ ಎಲ್ಲ ಆಮೇಲೆ, ವಾರಗಳು ಕಳೆದ ಮೇಲೆ. ಹುಳ ಮೊಟ್ಟೆಯೊಡೆದು ಗೂಡು ಕಟ್ಟಲು ಬೇಕಾಗುವುದು ಸುಮಾರು ಒಂದು ತಿಂಗಳು. ಸುಂಕ ಸರಿಯೋ ತಪ್ಪೋ ಅಂತ ಸದನ ತೀರ್ಮಾನಿಸುವ ಹೊತ್ತಿಗೆ ರಾಮನಗರದಲ್ಲಿ ಒಂದು ಬೆಳೆ ಹರಾಜಾಗಿ ಹೋಗಿರುತ್ತದೆ.