ಪರಿಚಯದವರು ಯಾರೂ ಇಲ್ಲದ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಈ ಸಲದ ಪ್ರವಾಸದಲ್ಲಿ ಒಂದು ದೊಡ್ಡ ವಿಶ್ವವಿದ್ಯಾಲಯದ ಕ್ಯಾಂಪಸ್ ನೋಡಿಕೊಂಡು ಬರಬೇಕೆಂಬ ಆಸೆಯಿದೆ. ಆದರೆ ಅಲ್ಲಿ ನಮ್ಮವರು ಯಾರೂ ಓದುತ್ತಿಲ್ಲ. ಸುಮ್ಮನೆ ಹೋದರೆ ಒಳಗೆ ಬಿಡುತ್ತಾರಾ? ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೆ ಅತ್ತೆ ಇರುತ್ತಾರೆ. ಇವರಿಗೆಲ್ಲ ಅಲ್ಲಿ ನೋಡುವಂಥದ್ದು ಏನಿರುತ್ತದೆ?

ಉತ್ತರ: ಧಾರಾಳವಾಗಿ ಹೋಗಿ. ಹೊರಡುವ ಮುಂಚೆ ಮಾತ್ರ ಒಂದು ಕೆಲಸ ಮಾಡಿ: ಆ ಕ್ಯಾಂಪಸ್ಸಿನಲ್ಲಿರುವ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. ದೊಡ್ಡವರು ಸಾಮಾನ್ಯವಾಗಿ ಮಾಡುವ ತಪ್ಪು ಇದಕ್ಕೆ ತದ್ವಿರುದ್ಧ. ಹೆಸರಾಂತ ಕಟ್ಟಡಗಳನ್ನೆಲ್ಲ ಒಂದೇ ದಿನ ಸುತ್ತಿಸುತ್ತೇವೆ. ಮೂರನೆಯ ಗೋಪುರ ಬರುವಷ್ಟರಲ್ಲಿ ಐದು ವರ್ಷದವನು ಎತ್ತಿಕೋ ಎನ್ನುತ್ತಾನೆ, ಒಂಬತ್ತು ವರ್ಷದವಳು ಮುಖ ಊದಿಸಿಕೊಳ್ಳುತ್ತಾಳೆ. ಕಲ್ಲು, ಕಮಾನು, ಸ್ಥಾಪನೆಯ ಇಸವಿ ಇವೆಲ್ಲ ಮಕ್ಕಳಿಗೆ ಏನೂ ಹೇಳುವುದಿಲ್ಲ. ಆ ಗೋಡೆಗಳ ಒಳಗೆ ಯಾರೋ ಏನನ್ನೋ ತಿಳಿದುಕೊಳ್ಳಲು ಒದ್ದಾಡಿದರಲ್ಲ, ಅದರ ಗುರುತು ಕಣ್ಣಿಗೆ ಬಿದ್ದರೆ ಅವರು ಅಲ್ಲಾಡುವುದೇ ಇಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಒಂದು ಗಾಜಿನ ಆಲಿಕೆ ಇದೆ. 1927ರಲ್ಲಿ ಥಾಮಸ್ ಪಾರ್ನೆಲ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಅದರೊಳಗೆ ಕಾಯಿಸಿದ ಪಿಚ್ ಸುರಿದರು. ಪಿಚ್ ಎಂದರೆ ಡಾಂಬರಿನ ಜಾತಿಯ ಕಪ್ಪು ವಸ್ತು. ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುತ್ತದೆ. ನೋಡಿದರೆ ಗಟ್ಟಿ, ಆದರೆ ನಿಜದಲ್ಲಿ ಹರಿಯುವ ವಸ್ತು ಎಂದು ವಿದ್ಯಾರ್ಥಿಗಳಿಗೆ ತೋರಿಸುವುದು ಅವರ ಉದ್ದೇಶ. ಮೂರು ವರ್ಷ ಅದನ್ನು ಕೂರಲು ಬಿಟ್ಟು, 1930ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿದರು. ಮೊದಲ ಹನಿ ಬಿದ್ದದ್ದು 1938ರಲ್ಲಿ. ಒಂಬತ್ತನೆಯದು 2014ರಲ್ಲಿ. 1961ರಿಂದ ಈ ಆಲಿಕೆಯನ್ನು ನೋಡಿಕೊಂಡ ಜಾನ್ ಮೇನ್‌ಸ್ಟೋನ್ 1988ರಲ್ಲಿ ಕೆಲವೇ ನಿಮಿಷ ಆಚೆ ಹೋದಾಗ ಒಂದು ಹನಿ ಬಿತ್ತು. 2000ದಲ್ಲಿ ಮುಂದಿನದು ಬೀಳುವಾಗ ಕ್ಯಾಮೆರಾ ಕೈಕೊಟ್ಟಿತು. 2013ರಲ್ಲಿ ಅವರು ತೀರಿಕೊಂಡರು, ಒಂದು ಹನಿಯೂ ಬೀಳುವುದನ್ನು ಕಣ್ಣಾರೆ ನೋಡದೆ.

ಈ ಕಥೆಯನ್ನು ಹೇಳಿ ಆಮೇಲೆ ಮಗುವನ್ನು ಆ ಆಲಿಕೆಯ ಮುಂದೆ ನಿಲ್ಲಿಸಿ. ಅಲ್ಲಿ ಏನೂ ನಡೆಯುತ್ತಿರುವುದಿಲ್ಲ. ಕಪ್ಪು ಹನಿಯೊಂದು ತುದಿಯಲ್ಲಿ ಸುಮ್ಮನೆ ನೇತಾಡುತ್ತಿರುತ್ತದೆ. ಆದರೂ ಉಸಿರು ಬಿಗಿಹಿಡಿದು ನೋಡುತ್ತಾರೆ, ಈಗಲೇ ಬಿದ್ದುಬಿಟ್ಟರೆ ಎಂದು!

ಹಾರ್ವರ್ಡಿನ ಗಾಜಿನ ಹೂವುಗಳೂ ಇಂಥದ್ದೇ. ಒತ್ತಿ ಒಣಗಿಸಿದ ಹೂವು ಬಣ್ಣ ಕಳೆದುಕೊಂಡು ಚಪ್ಪಟೆಯಾಗುತ್ತದೆ, ಪಾಠಕ್ಕೆ ಒದಗುವುದಿಲ್ಲ. ಅದಕ್ಕೆ ಜರ್ಮನಿಯ ಡ್ರೆಸ್ಡೆನ್ ಬಳಿಯ ಲಿಯೋಪೋಲ್ಡ್ ಬ್ಲಾಷ್ಕಾ, ಅವರ ಮಗ ರುಡಾಲ್ಫ್ ಕೂಡಿ ಗಾಜಿನಲ್ಲೇ ಗಿಡಗಳನ್ನು ಮಾಡತೊಡಗಿದರು. ತಂದೆ 1895ರಲ್ಲಿ ತೀರಿಕೊಂಡ ಮೇಲೂ ಮಗ ಬಿಡಲಿಲ್ಲ. ಕೆಲಸ ಮುಗಿದದ್ದು 1936ರಲ್ಲಿ. ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಮಾದರಿಗಳು. ಅಲ್ಲಿಗೆ ಹೋದಾಗ ಕೊಳೆತ ಹಣ್ಣುಗಳ ಗಾಜಿನ ಮಾದರಿಗಳು ಪ್ರದರ್ಶನದಲ್ಲಿದ್ದರೆ, ಹೂವಿಗಿಂತ ಮೊದಲು ಅವನ್ನು ತೋರಿಸಿ. ಬೂಷ್ಟು, ಕಲೆ, ಮುದುರಿದ ಸಿಪ್ಪೆ ಎಲ್ಲವೂ ಗಾಜೇ. ಇಷ್ಟು ಕಷ್ಟಪಟ್ಟು ಕೊಳೆತ ಸೇಬನ್ನು ಯಾಕೆ ಮಾಡಿದರು ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಗಿಡಕ್ಕೆ ರೋಗ ಬಂದದ್ದನ್ನು ಗುರುತು ಹಿಡಿಯಲು ವಿದ್ಯಾರ್ಥಿಗಳು ಕಲಿಯಬೇಕಿತ್ತು ಎನ್ನಿ. ಅಷ್ಟರಲ್ಲಿ ಅವಳಿಗೆ ವಿಶ್ವವಿದ್ಯಾಲಯ ಎಂದರೇನೆಂದು ಅರ್ಧ ಗೊತ್ತಾಗಿರುತ್ತದೆ.

ಅತ್ತೆಯವರಿಗೆ ಸಸ್ಯೋದ್ಯಾನ. ಹಳೆಯ ವಿಶ್ವವಿದ್ಯಾಲಯಗಳಲ್ಲಿ ಇದು ವೈದ್ಯಕೀಯ ಪಾಠದ ಜೊತೆಗೇ ಬೆಳೆದದ್ದು. ಔಷಧಿಯ ಗಿಡಕ್ಕೂ ವಿಷದ ಗಿಡಕ್ಕೂ ವ್ಯತ್ಯಾಸ ತಿಳಿಯಬೇಕಿತ್ತು. ಇಟಲಿಯ ಪಾದುವಾದಲ್ಲಿ 1545ರಲ್ಲಿ ಶುರುವಾದ ಉದ್ಯಾನ ಇಂದಿಗೂ ಅದೇ ಜಾಗದಲ್ಲಿದೆ. ಅಲ್ಲಿ 1585ರಲ್ಲಿ ನೆಟ್ಟ ಒಂದು ತಾಳೆಯ ಜಾತಿಯ ಮರ ಇನ್ನೂ ಬದುಕಿದೆ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲೂ 1590ರ ಕಾಲದ ಉದ್ಯಾನವಿದೆ. ಪ್ರತಿ ಗಿಡಕ್ಕೂ ಫಲಕ, ನೆರಳು, ಕೂರಲು ಬೆಂಚು ಇರುವುದರಿಂದ ವಯಸ್ಸಾದವರು ದಣಿಯುವುದಿಲ್ಲ. ಅಜ್ಜಿಗೆ ಗೊತ್ತಿರುವ ಹೆಸರು ಒಂದು, ಫಲಕದಲ್ಲಿರುವುದು ಇನ್ನೊಂದು. ಎರಡನ್ನೂ ಮೊಮ್ಮಕ್ಕಳಿಂದ ಬರೆಸಿ.

ಇನ್ನು ಒಳಗೆ ಬಿಡುವ ಮಾತು. ವಿಶ್ವವಿದ್ಯಾಲಯ ಎಂದರೆ ಒಂದೇ ಗೇಟು ಎಂದುಕೊಳ್ಳಬೇಡಿ. ಆಕ್ಸ್‌ಫರ್ಡಿಗೆ ಒಂದು ಕ್ಯಾಂಪಸ್ಸೇ ಇಲ್ಲ. ಮೂವತ್ತಕ್ಕೂ ಹೆಚ್ಚು ಕಾಲೇಜುಗಳು ಊರಿನ ತುಂಬ ಹರಡಿಕೊಂಡಿವೆ. ಒಂದೊಂದಕ್ಕೂ ಅದರದೇ ಬಾಗಿಲು, ಅದರದೇ ವೇಳೆ, ಕೆಲವಕ್ಕೆ ಟಿಕೆಟ್ಟೂ ಉಂಟು. ಅದೇ ವಿಶ್ವವಿದ್ಯಾಲಯದ ನ್ಯಾಚುರಲ್ ಹಿಸ್ಟರಿ (ಪ್ರಾಣಿ, ಕಲ್ಲುಗಳ) ಮ್ಯೂಸಿಯಂ ಮಾತ್ರ ಎಲ್ಲರಿಗೂ ತೆರೆದಿದೆ, ಪ್ರವೇಶ ಉಚಿತ. ಅಳಿದುಹೋದ ಡೋಡೋ ಹಕ್ಕಿಯ ತಲೆ, ಕಾಲಿನ ಅವಶೇಷ ಅಲ್ಲಿವೆ. ಅಂಗಳದ ಸುತ್ತಲಿನ ಕಂಬಗಳು ಒಂದೊಂದೂ ಒಂದೊಂದು ಬಗೆಯ ಕಲ್ಲಿನವು, ಕಟ್ಟಡವೇ ಪಾಠವಾಗಲಿ ಎಂದು. ಹೆಚ್ಚಿನ ಕಡೆ ಲೆಕ್ಕ ಹೀಗೆಯೇ: ಮ್ಯೂಸಿಯಂ, ಉದ್ಯಾನ, ಕಲಾ ಗ್ಯಾಲರಿ ಸಾರ್ವಜನಿಕರಿಗೆ; ತರಗತಿ, ಪ್ರಯೋಗಾಲಯ, ಹಾಸ್ಟೆಲ್ ಒಳಗಿನವರಿಗೆ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಸಂದರ್ಶಕರ ಪುಟ ಇರುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ದೊಡ್ಡವರ ಗುರುತಿನ ಚೀಟಿ ಜೊತೆಗಿರಲಿ. ಲ್ಯಾಬ್ ನೋಡಲೇಬೇಕೆಂದಿದ್ದರೆ ಓಪನ್ ಡೇ ಯಾವತ್ತೆಂದು ವಿಚಾರಿಸಿ. ವಿಜ್ಞಾನಿಗಳೇ ನಿಂತು ವಿವರಿಸುವ ಆ ದಿನಕ್ಕೆ ಪ್ರವಾಸದ ದಿನಾಂಕವನ್ನು ಹೊಂದಿಸಿದರೂ ಸಾರ್ಥಕ.

ಪರೀಕ್ಷೆಯ ವಾರಗಳಲ್ಲಿ, ಘಟಿಕೋತ್ಸವದ ದಿನ ಹೋಗಲೇಬೇಡಿ. ಒಮ್ಮೆ ನಮಗೆ ಇದು ತಿಳಿಯದೆ, ಒಂದು ಕ್ಯಾಂಪಸ್ಸಿನಲ್ಲಿ ಪರೀಕ್ಷಾ ಕೊಠಡಿಯ ಕಿಟಕಿಯ ಕೆಳಗೇ ಮಕ್ಕಳನ್ನು ಓಡಾಡಲು ಬಿಟ್ಟಿದ್ದೆವು. ಒಳಗಿದ್ದ ಹುಡುಗಿಯೊಬ್ಬಳು ಬರೆಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದಳು, ಬೈಯಲಿಲ್ಲ. ಆ ನೋಟ ಇನ್ನೂ ನೆನಪಿದೆ. ಹಾಗಂತ ಪೂರ್ತಿ ರಜೆಯಲ್ಲಿ ಹೋದರೆ ಖಾಲಿ ಹಾದಿಗಳಷ್ಟೇ ಸಿಗುತ್ತವೆ. ತರಗತಿಗಳು ನಡೆಯುವ ಸಾಮಾನ್ಯ ದಿನದ ಬೆಳಗ್ಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪುಸ್ತಕ ಹೊತ್ತು ಓಡುವವರು, ಮರದಡಿ ವಾದಕ್ಕಿಳಿದವರು, ಬಿಳಿ ಕೋಟಿನಲ್ಲೇ ಆಚೆ ಬಂದು ಆಕಳಿಸುವವರು, ಇವರೂ ಕ್ಯಾಂಪಸ್ಸಿನ ನೋಟವೇ. ಅವರ ಫೋಟೊ ಮಾತ್ರ ಕೇಳದೆ ತೆಗೆಯಬಾರದು.

ಗ್ರಂಥಾಲಯದಲ್ಲಿ ಮಕ್ಕಳನ್ನು ಸದ್ದಿಲ್ಲದೆ ಇರಿಸುವುದು ಹೇಗೆ ಎಂದು ಹಲವರಿಗೆ ಚಿಂತೆ. ಪೋರ್ಚುಗಲ್‌ನ ಕೊಯಿಂಬ್ರಾ ವಿಶ್ವವಿದ್ಯಾಲಯದ ಹದಿನೆಂಟನೆಯ ಶತಮಾನದ ಗ್ರಂಥಾಲಯದಲ್ಲಿ ಬಾವಲಿಗಳಿವೆ. ಪುಸ್ತಕ ತಿನ್ನುವ ಹುಳುಗಳನ್ನು ಅವು ರಾತ್ರಿ ಹಿಡಿದು ತಿನ್ನುತ್ತವೆ. ಹಿಕ್ಕೆ ಬೀಳದಿರಲೆಂದು ಸಿಬ್ಬಂದಿ ಸಂಜೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಕುತ್ತಾರೆ. ಬಾವಲಿ ಎಲ್ಲಿ ಮಲಗಿದೆಯೋ ಎಂದು ಹುಡುಕುವ ಮಗುವಿಗೆ ಮೌನದ ಪಾಠ ಬೇಕಿಲ್ಲ.

ಇನ್ನೊಂದು ಮಾತು ನಿಮಗೆ, ಅಂದರೆ ತಂದೆ-ತಾಯಿಗೆ. ಅಲ್ಲಿ ನಿಂತು 'ನೀನೂ ಚೆನ್ನಾಗಿ ಓದಿದರೆ ಇಲ್ಲೇ ಸೀಟು ಸಿಗುತ್ತದೆ' ಎಂದು ದಯವಿಟ್ಟು ಹೇಳಬೇಡಿ. ಅಲ್ಲಿಯವರೆಗೆ ಡೋಡೋ ನೋಡುತ್ತಿದ್ದ ಮಗು ಆ ಕ್ಷಣದಿಂದ ಅಂಕಪಟ್ಟಿ ನೋಡತೊಡಗುತ್ತದೆ. ನಿಮಗೆ ಹೊಳೆದ ಪ್ರಶ್ನೆಯನ್ನೇ ಅವರ ಎದುರು ಜೋರಾಗಿ ಕೇಳಿ, ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ದಿನಕ್ಕೆ ಎರಡು ಗಂಟೆ ಸಾಕು. ಶೌಚಾಲಯ ಎಲ್ಲಿದೆ ಎಂದು ಒಳಗೆ ಕಾಲಿಟ್ಟ ಕೂಡಲೇ ಕೇಳಿಟ್ಟುಕೊಳ್ಳಿ. ಕ್ಯಾಂಪಸ್ಸಿನಲ್ಲಿ ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ದೂರ ಹೆಚ್ಚು. ಪ್ರವಾಸಕ್ಕೆ ಇನ್ನೂ ಸಮಯವಿದ್ದರೆ ಇವತ್ತೇ ಮನೆಯಲ್ಲಿ ಶುರುಮಾಡಬಹುದು: ಪಾರ್ನೆಲ್‌ರ ಆಲಿಕೆಯ ಮುಂದೆ ಕ್ಯಾಮೆರಾ ಇಟ್ಟು ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡುತ್ತಾ ಬಂದಿದ್ದಾರೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿ. ಹತ್ತನೆಯ ಹನಿ ಬೀಳುವಾಗ ನೋಡುತ್ತಿರುವವಳು ಅವಳೇ ಆಗಿರಬಹುದು.