ಕರಗುವ ಐಸ್, ಊದಿದ ಮಂಡಿ

ಕಳೆದ ಮಳೆಗಾಲದಲ್ಲಿ ಅಮ್ಮ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮುಂಬಯಿಯ ಮಾಟುಂಗಾದ ನಮ್ಮ ಮನೆಗೆ ಮರಳಿದಾಗ, ಔಷಧ ಚೀಟಿಯ ಕೊನೆಯಲ್ಲಿ ಐಸ್ ಇಡಬೇಕೆಂಬ ಒಂದೇ ಸಾಲಿತ್ತು. ಹೇಗೆ, ಎಷ್ಟು ಹೊತ್ತು ಎಂಬುದಿರಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಚೀಲ ತೆಗೆಯಲು ಹೋದರೆ, "ಇರಲಿ ಬಿಡು ಮಗಾ, ಈಗ ಏನೂ ಗೊತ್ತಾಗ್ತಿಲ್ಲ" ಎಂದರು ಅಮ್ಮ. ಐಸಿನ ಉಪಕಾರವೂ ಅಪಾಯವೂ ಆ ಮಾತಿನಲ್ಲೇ ಇದೆ.

ಮೂಳೆಯನ್ನು ಕೊಯ್ದು ಕೃತಕ ಕೀಲನ್ನು ಕೂರಿಸಿದ ಮೇಲೆ ಸುತ್ತಲಿನ ರಕ್ತನಾಳಗಳು ಹಿಗ್ಗಿ, ಅವುಗಳಿಂದ ದ್ರವ ಸೋರಿ ಬಾವು ಬರುತ್ತದೆ. ಕೀಲಿನೊಳಗೆ ದ್ರವ ತುಂಬಿದರೆ ತೊಡೆಯ ಮುಂಭಾಗದ ಸ್ನಾಯುವೂ ಸರಿಯಾಗಿ ಬಿಗಿಯಲಾರದು. ಕಾಲೆತ್ತುವ ವ್ಯಾಯಾಮ ಕಷ್ಟವಾಗಲು ನೋವಿನಷ್ಟೇ ಇದೂ ಕಾರಣ. ತಂಪು ತಗುಲಿದಾಗ ನಾಳಗಳು ಸಂಕುಚಿಸುತ್ತವೆ, ನರಗಳಲ್ಲಿ ಸಂದೇಶ ಸಾಗುವ ವೇಗ ಇಳಿಯುತ್ತದೆ. ಚರ್ಮ ಬೇಗ ತಣಿದರೂ ಕೊಬ್ಬಿನ ಪದರ ದಾಟಿ ಕೀಲಿನೊಳಗೆ ತಂಪು ನಿಧಾನವಾಗಿಯೇ ಇಳಿಯುತ್ತದೆ.

ಹಾಗಾದರೆ ಫ್ರಿಜ್‌ನ ತಣ್ಣೀರು ಸಾಲದೇ? ಅರ್ಧ ಕಿಲೋ ಐಸ್ 0 ಡಿಗ್ರಿಯಲ್ಲೇ ಕರಗಿ ನೀರಾಗಲು ಸುಮಾರು 167 ಕಿಲೋಜೌಲ್ ಶಾಖ ಹೀರುತ್ತದೆ. ಅಷ್ಟೇ ನೀರು 0ಯಿಂದ 20 ಡಿಗ್ರಿಗೆ ಏರಲು ಬೇಕಾಗುವುದು ಸುಮಾರು 42 ಮಾತ್ರ. ಕರಗುವಾಗ ಉಷ್ಣತೆ ಏರದಿರುವುದೇ ಐಸಿನ ಹೆಚ್ಚುಗಾರಿಕೆ. ಆದರೆ ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಅಥವಾ ಜೆಲ್ ಪ್ಯಾಕ್ ಮೈನಸ್ 18 ಡಿಗ್ರಿಯಷ್ಟಿರಬಹುದು, ಅದನ್ನು ನೇರವಾಗಿ ಚರ್ಮಕ್ಕೆ ಒತ್ತಿದರೆ ಹಿಮಗಾಯವಾಗಬಹುದು. ಆದ್ದರಿಂದ ನಾನು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಪುಡಿಮಾಡಿದ ಐಸ್ ಹಾಕಿ, ಅರ್ಧ ಲೋಟ ನೀರು ಸುರಿದು, ಗಾಳಿ ಹೊರಹಾಕಿ ಕಟ್ಟುತ್ತಿದ್ದೆ. ಅದು ಸೊನ್ನೆಯ ಹತ್ತಿರ ನಿಲ್ಲುತ್ತದೆ, ಮಂಡಿಯ ಆಕಾರಕ್ಕೂ ಒಗ್ಗುತ್ತದೆ. ಮುಂಬಯಿಯ ಆ ಹಸಿ ಗಾಳಿಯಲ್ಲಿ ಚೀಲದ ಮೇಲೆ ನಿಮಿಷಾರ್ಧದಲ್ಲಿ ಬೆವರಿನಂತೆ ಹನಿಗೂಡುತ್ತಿದ್ದುದರಿಂದ, ಗಾಯದ ಪಟ್ಟಿ ನೆನೆಯದಂತೆ ಕಾಯುವುದೇ ದೊಡ್ಡ ಕೆಲಸವಾಗಿತ್ತು. ನಡುವೆ ಒಣ ಟವೆಲ್, ಕಾಲು ಎದೆಗಿಂತ ಎತ್ತರದಲ್ಲಿ, ಹದಿನೈದಿಪ್ಪತ್ತು ನಿಮಿಷ, ಆಮೇಲೆ ಒಂದೆರಡು ತಾಸಿನ ಬಿಡುವು.

ವಿಶ್ರಾಂತಿ, ಐಸ್, ಬಿಗಿಪಟ್ಟಿ, ಎತ್ತರ ಎಂಬ ಸೂತ್ರಕ್ಕೆ 1978ರಲ್ಲಿ ಅವುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ 'ರೈಸ್' (RICE) ಎಂಬ ಹೆಸರಿಟ್ಟ ಗೇಬ್ ಮಿರ್ಕಿನ್ ಎಂಬ ವೈದ್ಯರೇ, ಉರಿಯೂತವೂ ಗುಣವಾಗುವಿಕೆಯ ಭಾಗವೆಂದು ಮುಂದೆ ತಮ್ಮ ನಿಲುವು ಬದಲಿಸಿಕೊಂಡರು. ಅವರು ಬರೆದದ್ದು ಆಟಗಾರರ ಗಾಯಗಳ ಕುರಿತು. ಮಂಡಿ ಬದಲಿಯ ನಂತರದ ಪ್ರಯೋಗಗಳನ್ನು ಒಟ್ಟಾಗಿ ನೋಡಿದ, ಚಿಕಿತ್ಸೆಗಳ ಪುರಾವೆಯನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳಲ್ಲೂ ಲಾಭ ಸಣ್ಣದು, ಪುರಾವೆ ಅಷ್ಟು ಗಟ್ಟಿಯಲ್ಲ. ಆದರೂ ನೋವು ತುಸು ತಗ್ಗಿದರೆ ವ್ಯಾಯಾಮ ಮಾಡಲು ಮನಸ್ಸು ಬರುತ್ತದೆ, ನನಗೆ ಅದೇ ಸಾಕಿತ್ತು.

ಮರಗಟ್ಟಿದ ಚರ್ಮ, ತಾನು ತಂಪಿನಿಂದ ಸುಡುತ್ತಿರುವುದನ್ನು ಹೇಳುವುದಿಲ್ಲ. ನರಕ್ಕೆ ಅರಿವಳಿಕೆ ಕೊಟ್ಟ ದಿನ, ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಲ್ಲಿ, ತಂಪಿಗೆ ಬೆರಳುಗಳು ಬಿಳಿಚುವ ರೇನೋ ತೊಂದರೆಯವರಲ್ಲಿ ವೈದ್ಯರನ್ನು ಕೇಳದೆ ಐಸ್ ಇಡಬಾರದು. ಮಂಡಿಯ ಹೊರಬದಿಯಲ್ಲಿ ಚರ್ಮಕ್ಕೆ ತೀರ ಹತ್ತಿರವೇ ಹಾಯುವ ನರವೊಂದು ಅತಿತಂಪಿಗೆ ಪೆಟ್ಟಾದರೆ ಪಾದವನ್ನು ಮೇಲಕ್ಕೆತ್ತಲು ಆಗದಂತಾಗಬಹುದು. ಇನ್ನು ಮೀನಖಂಡ ಊದಿ ನೋಯತೊಡಗಿದರೆ ಅದು ಐಸಿನಿಂದ ತಣಿಸುವ ಬಾವಲ್ಲ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು; ಆಗ ಚೀಲ ಬದಿಗಿಟ್ಟು ತಡಮಾಡದೆ ವೈದ್ಯರಿಗೆ ಫೋನ್ ಮಾಡಬೇಕು.